ಕಾಕಾ ಬಿಚ್ಚಿದ ರೇಡಿಯೊ

ಇವತ್ತು ಸ್ಟೇಷನ್ ರಸ್ತೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಸುಗೆಯ ಹೊಗೆ ಮೂಗಿಗೆ ಬಡಿದದ್ದೇ ತಡ, ಇಬ್ರಾಹಿಂಪುರದ ನಮ್ಮ ಹಳೆಯ ಮನೆಗೆ ಮನಸ್ಸಿನಲ್ಲೇ ಹೋಗಿಬಿಟ್ಟೆ. ಅಲ್ಲಿ ನನ್ನ ಕಾಕಾ ಬೇವಿನ ಹಲಗೆಗೆ ತಂತಿ ಬಿಗಿದು ತಾನೇ ಗಿಟಾರು ಮಾಡಿದ್ದ. ಸದ್ದು ಜೋರಾಗಲೆಂದು ಅಜ್ಜನ ರೇಡಿಯೊ ಬಿಚ್ಚಿ ಅದಕ್ಕೆ ಬೆಸುಗೆ ಹಾಕಿ ಜೋಡಿಸಿದ್ದ. ಮೊದಲ ಸಲ ಬಾರಿಸಿದಾಗ ಗೋಡೆಯೇ ಚೀರಿದಂತಾಗಿ ನಾನು ಅಜ್ಜಿಯ ಸೆರಗು ಹಿಡಿದೆ. ರೇಡಿಯೊ ವಾರ್ತೆ ಕೇಳದೆ ಊಟಕ್ಕೇಳದ ಅಜ್ಜ ಹೊಡೆಯಲು ಕೈ ಎತ್ತಿಕೊಂಡೇ ಒಳಬಂದ.

“ಇದೇನ್ ಹಾಡೇನಲೇ? ರೈಲು ಬ್ರೇಕ್ ಹಾಕಿದಂಗ ಐತಿ!”

“ಅದನ್ನ ಬಾರ್ಸೀನ್ರಿ ಯಪ್ಪಾ, ರೈಲಿನ ಬ್ರೇಕನ್ನ,” ಎಂದ ಕಾಕಾ.

ಅಜ್ಜನ ಕೈ ಹಾಗೇ ನಿಂತಿತು. ಆಮೇಲೆ ನೆಲದ ಮೇಲೆ ಕೂತು, “ಇನ್ನೊಮ್ಮೆ ಬಾರ್ಸು,” ಎಂದ. ನಾವೆಲ್ಲ ದಂಗಾದೆವು.

ಕಾಕಾನ ತಲೆ ಈಗ ಪೂರ್ತಿ ನರೆತಿದೆ. ತಾನೇ ವಾದ್ಯ ಕಟ್ಟಿ, ತಾನೇ ರೆಕಾರ್ಡ್ ಮಾಡಿ, ಕೇಳುವವರಿಗೆಲ್ಲ ಹಂಚುವುದನ್ನು ಬಿಟ್ಟಿಲ್ಲ. ಕೇಳಿದವರು ಇಂದಿಗೂ ಬೆಚ್ಚಿಬೀಳುತ್ತಾರೆ.