ಬರೆಯದೆ ಬಿಟ್ಟ ಸಾಲು

ಪಕ್ಕದ ಮನೆಯ ಕುಕ್ಕರು ಮೂರನೆಯ ಸೀಟಿ ಹೊಡೆದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಐವತ್ತು ದಾಟಿದವಳು, ಹೀರೇಕಾಯಿ ಹೆರೆಯುತ್ತ ಕೂತವಳು, ಪಾಠ ಒಪ್ಪಿಸುವವಳ ಹಾಗೆ ಸೆಟೆದುಕೊಳ್ಳುವುದನ್ನು ನೋಡಿದರೆ ನೀವು ನಗುತ್ತೀರಿ. ನಗಿ. ಒಂದು ಕಾಲಕ್ಕೆ ಅದೇ ನಮ್ಮ ಶಾಲೆಯ ಗಂಟೆ.

ಎಂಬತ್ತರ ದಶಕದ ಮಾತು. ಅಪ್ಪನಿಗೆ ಬ್ಯಾಂಕಿನ ಕೆಲಸ. ದಸರಾ ರಜೆ ಮುಗಿಯುವ ಮೊದಲೇ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಯಿತು. ನಾನು ಎಂಟನೆಯ ಕ್ಲಾಸು, ತಮ್ಮ ಗಿರೀಶ ಐದನೆಯದು, ತಂಗಿ ಚಿನ್ನಿ ಎರಡನೆಯದು. ಬೆಂಜ್ ಸರ್ಕಲ್ ಹತ್ತಿರ ಮನೆ ಸಿಕ್ಕಿತು, ಶಾಲೆ ಸಿಗಲಿಲ್ಲ. ವರ್ಷದ ನಡುವೆ ಸೀಟಿಲ್ಲ, ಜೂನಿನಲ್ಲಿ ಪರೀಕ್ಷೆ ಕೊಟ್ಟು ಪಾಸಾದರೆ ಮುಂದಿನ ಕ್ಲಾಸಿಗೆ ತೆಗೆದುಕೊಳ್ಳುತ್ತೇವೆ ಎಂದರು.

"ಸಣ್ಣವು ಹ್ಯಾಂಗೋ ಆಗತಾವ. ದೊಡ್ಡಾಕಿನ್ನ ಧಾರವಾಡಕ್ಕ ಅಕ್ಕನ ಮನಿಗೆ ಕಳಸೂಣು," ಎಂದರು ಅಪ್ಪ.

"ಮೂರೂ ನನ್ನ ಮುಂದೇ ಇರ್ತಾವ. ನಾ ಕಲಸ್ತೇನಿ," ಎಂದಳು ಅವ್ವ.

"ನೀ ಓದಿದ್ದು ಮ್ಯಾಟ್ರಿಕ್ಕು. ಅದೂ ಕನ್ನಡದಾಗ."

"ಲೆಕ್ಕಕ್ಕ ಭಾಷಾ ಯಾವುದರೀ?"

ನಾನು ಫೇಲಾದರೆ ಧಾರವಾಡವೇ ಎಂಬಲ್ಲಿಗೆ ಮಾತು ಬಂದು ನಿಂತಿತು. ಜಗಳ ಅವರಿಬ್ಬರದು, ಪರೀಕ್ಷೆ ನನಗೆ. ಅತ್ತೆ ಕೆಟ್ಟವಳೇನಲ್ಲ. ಆದರೆ ಅವಳ ಮನೆಯಲ್ಲಿ ಎರಡು ದಿನ ಕಳೆದರೆ ಮೂರನೆಯ ದಿನ ನನಗೆ ಜ್ವರ ಬರುತ್ತಿತ್ತು.

ಅಪ್ಪ ಒನ್ ಟೌನಿನ ಬ್ರಾಂಚಿಗೆ ಹೊರಟ ಮೇಲೆ ಅವ್ವ ಅನ್ನಕ್ಕಿಡುವಳು. ಮೂರನೆಯ ಸೀಟಿಗೆ ಒಂದೇ ಚಾಪೆಯ ಮೇಲೆ ಮೂರು ಕ್ಲಾಸು. ಚಿನ್ನಿಗೆ ಹುಣಸೆ ಬೀಜದ ಕೂಡಿಸುವ ಲೆಕ್ಕ. ಗಿರೀಶನಿಗೆ ಚಪಾತಿ ಹರಿದು ಭಿನ್ನರಾಶಿ. ಉತ್ತರ ಬರುವುದರೊಳಗೆ ಅವನು ಛೇದವನ್ನು ತಿಂದು ಮುಗಿಸಿರುತ್ತಿದ್ದ. ನನಗೆ ರೇಖಾಗಣಿತ. ವಿಶಾಖಪಟ್ಟಣದ ಉಪ್ಪು ಗಾಳಿಗೆ ನನ್ನ ಕೈವಾರ ತುಕ್ಕು ಹಿಡಿದು ಬಿಗಿದಿತ್ತು, ಅವ್ವ ಅದಕ್ಕೆ ಒಗ್ಗರಣೆಯ ಎಣ್ಣೆ ಬಿಟ್ಟಳು. ನನ್ನ ವೃತ್ತಗಳಿಗೆಲ್ಲ ಶೇಂಗಾ ವಾಸನೆ.

ಅವಳು ಒಲೆಯ ಕಡೆ ಹೋದಾಗ ನಾನು ಮಾನಿಟರ್. ಎಂಥ ಮಾನಿಟರ್ ಎಂದು ಗಿರೀಶನ ಎಡಗಿವಿಯನ್ನು ಕೇಳಬೇಕು.

"ಅವ್ವಾ, ನಾಕು ಆಕಲಿ," ಎಂದು ಚಿನ್ನಿ ರಾಗ ತೆಗೆಯುವಳು. ಅವಳಿಗೆ ಹಸಿವಾಗುತ್ತಿದ್ದುದು ತೆಲುಗಿನಲ್ಲೇ.

"ಕನ್ನಡದಾಗ ಹಸಿವಾಗೂ ತನಕಾ ಕೂಡು," ಎನ್ನುವಳು ಅವ್ವ.

ನನ್ನ ಪುಸ್ತಕ ಇಂಗ್ಲಿಷಿನದು, ಅವ್ವನ ಪ್ರಮೇಯ ಕನ್ನಡದ್ದು. ದತ್ತ, ಸಾಧನೀಯ, ರಚನೆ, ಸಾಧನೆ. "ಮೊದಲ ತಲಿಗೆ ಹೋಗಲಿ, ಇಂಗ್ಲಿಷ್ ಆಮ್ಯಾಲೆ," ಎಂದಳು. ಬೇಸಿಗೆ ಬಂತು. ನೆಲಕ್ಕೆ ನೀರು ಚೆಲ್ಲಿ ಅದರ ಮೇಲೆಯೇ ಕೂತು ಓದಿದೆವು. ಅವಳ ಆಮ್ಯಾಲೆ ಮಾತ್ರ ಬರಲೇ ಇಲ್ಲ.

ಪರೀಕ್ಷೆಯಲ್ಲಿ ಸಮದ್ವಿಬಾಹು ತ್ರಿಕೋನದ ಪ್ರಮೇಯ ಬಂತು. ಗೊತ್ತಿತ್ತು, ಇಂಗ್ಲಿಷಿನಲ್ಲಿ ಗೊತ್ತಿರಲಿಲ್ಲ. ಎರಡು ಪದ ಬರೆದೆ, ಕೈ ನಿಂತಿತು. ಅವನ್ನು ಹೊಡೆದು ಹಾಕಿ "ದತ್ತ" ಎಂದು ಬರೆದೆ. ಆಮೇಲೆ ಕೊನೆಯ ತನಕ ಹಾಳೆಯಿಂದ ಪೆನ್ನು ಎತ್ತಲಿಲ್ಲ.

ಉತ್ತರಗಳನ್ನು ಅಲ್ಲೇ ತಿದ್ದಿದರು. ತಮ್ಮ ತಂಗಿ ಇಬ್ಬರೂ ಪಾಸು. ನನ್ನ ಪಾಸು ಆ ಒಂದು ಪ್ರಮೇಯಕ್ಕೆ ಬಂದು ನಿಂತಿತ್ತು. ಲೆಕ್ಕದ ಮಾಸ್ತರರು ವಯಸ್ಸಾದವರು. ನಮ್ಮನ್ನೆಲ್ಲ ಒಳಗೆ ಕರೆದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು.

"ಇದೇಂ ಭಾಷಮ್ಮಾ?"

"ಕನ್ನಡಮಂಡಿ," ಎಂದೆ.

ಹಾಳೆಯನ್ನು ತಳ್ಳಿಬಿಡುತ್ತಾರೆ ಅಂದುಕೊಂಡೆ. ತಳ್ಳಲಿಲ್ಲ. ನಮ್ಮ ಅಕ್ಷರವೂ ಅವರ ಅಕ್ಷರವೂ ದಾಯಾದಿಗಳು ತಾನೆ. ಬೆರಳಿಟ್ಟು, ಒಂದನೆಯ ಕ್ಲಾಸಿನ ಹುಡುಗನ ಹಾಗೆ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. "ದ... ತ್ತ. ಆ, ದತ್ತಾಂಶಂ." ಮುಂದಿನ ಸಾಲು. ಅದರ ಮುಂದಿನದು. ಅಪ್ಪ ಫ್ಯಾನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ಅವ್ವನ ಕೈ ಚಿನ್ನಿಯ ಭುಜದ ಮೇಲಿತ್ತು. ನಡುವೆ ಒಮ್ಮೆ ಚಿನ್ನಿ, "ನೊಪ್ಪಿ, ಅವ್ವಾ," ಎಂದು ನೋವಿಗೆ ಭುಜ ಕೊಸರಿಕೊಂಡಳು.

ಮಾಸ್ತರರ ಬೆರಳು ಕೊನೆಯ ಸಾಲು ಮುಟ್ಟಿತು. ಸರಿ ಗುರುತು ಹಾಕಿದರು. ಯಾರು ಕಲಿಸಿದ್ದು ಎಂದು ಕೇಳಿದರು. ಅಪ್ಪ ಬಾಗಿಲ ಕಡೆ ಕೈ ತೋರಿಸಿದರು. ಅವ್ವ ನೆಲ ನೋಡುತ್ತ ನಿಂತಿದ್ದಳು. ಸಂಕೋಚ ಎಂದುಕೊಂಡೆ.

ಇಲ್ಲಿಯವರೆಗೆ ಬರೆದು ಇವತ್ತು ಅವ್ವನಿಗೆ ಓದಿ ಹೇಳಿದೆ. ಈಗ ನನ್ನ ಮನೆಯಲ್ಲೇ ಇದ್ದಾಳೆ. ಕಣ್ಣು ಮುಚ್ಚಿಕೊಂಡು ಕೇಳಿದಳು.

"ಛಲೋ ಬರದಿ. ಖರೆ, ಆವತ್ತ ನೀ ಒಂದು ಸಾಲು ಬಿಟ್ಟಿದ್ದಿ."

"ಯಾವುದು?"

"ನಡುವಿನ ಗೆರಿ ಎರಡೂ ತ್ರಿಕೋನಕ್ಕ ಸಾಮಾನ್ಯ ಬಾಹು ಅಂತ ಬರೀಲೇ ಇಲ್ಲ. ಅವರು ಅಕ್ಷರ ಕೂಡಸೂದರಾಗ ಇದ್ದರು, ಗೊತ್ತಾಗಲಿಲ್ಲ."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಧಾರವಾಡಕ್ಕ ಹೋಗತಿದ್ದಿ."

ಒಂದು ಸಾಲು ತಪ್ಪಿದರೆ ಇಡೀ ಪ್ರಮೇಯವನ್ನು ಮತ್ತೆ ಬರೆಸುತ್ತಿದ್ದವಳು ಇವಳು. ಇಷ್ಟು ವರ್ಷ ಆ ಪಾಸು ನನ್ನದು ಎಂದುಕೊಂಡೇ ಬಂದಿದ್ದೆ. ಒಂದು ಹಾಳೆ ತೆಗೆದು ತ್ರಿಕೋನ ಎಳೆದೆ. ಗೆರೆ ಡೊಂಕಾಯಿತು. ಅವ್ವ ದಿಂಬಿನ ಪಕ್ಕ ತಡಕಾಡಿ ಕನ್ನಡಕ ಹಾಕಿಕೊಂಡಳು.

"ಇಲ್ಲೆ ಕೂಡು," ಎಂದಳು. "ದತ್ತದಿಂದ ಬರೀ."