ಚಪ್ಪಲಿ ಬಿಡುವ ಜಾಗ

ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂಬ ವಿಷಯದಲ್ಲಿ ನನ್ನಷ್ಟು ಖಚಿತ ಅಭಿಪ್ರಾಯವುಳ್ಳವರು ಹೊಸೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು. ದೇವರು ಬೆಟ್ಟದ ಮೇಲಿದ್ದರೆ ಚಪ್ಪಲಿ ಬೆಟ್ಟದ ಬುಡದಲ್ಲಿ. ಚರ್ಚೆಗೆ ಆಸ್ಪದವೇ ಇಲ್ಲ. ಈ ಸಿದ್ಧಾಂತವನ್ನು ನಾನು ಸಮುದ್ರದಾಚೆಗೂ ಒಯ್ದು, ಸ್ವಂತ ಅಂಗಾಲಿನ ಮೇಲೆ ಪರೀಕ್ಷಿಸಿ ಬಂದವನು.

ಎಂಬತ್ತರ ದಶಕದಲ್ಲಿ ನಮ್ಮ ಕಾರ್ಖಾನೆಯವರು ಯಂತ್ರ ಕೂರಿಸಲೆಂದು ನನ್ನನ್ನು ಮೂರು ತಿಂಗಳ ಮಟ್ಟಿಗೆ ಈಜಿಪ್ಟಿಗೆ ಕಳಿಸಿದರು. ಸಿನಾಯ್ ಮರುಭೂಮಿಯನ್ನೂ ಅದರಂಚಿನ ಕೆಂಪು ಸಮುದ್ರದ ಹವಳಗಳನ್ನೂ ನೋಡಿ ಬರುವೆನೆಂದು ಹೊರಡುವ ಮುನ್ನ ಬೇರಿಕೆ ಹಳ್ಳಿಯಲ್ಲಿದ್ದ ಅಪ್ಪನಿಗೆ ಹೇಳಿದೆ. ಅಪ್ಪನೆಂದರೆ ಪಾತಾಳಗರಡಿಯ ಕೊಕ್ಕೆಗಳಿಗೂ ಸಿಗದ ಬಿಂದಿಗೆಗಳನ್ನು ಬಾವಿಯಲ್ಲಿ ಮುಳುಗಿ ಎತ್ತಿಕೊಡುತ್ತಿದ್ದವನು. ಕಿವಿ ಸೋರತೊಡಗಿ ವೈದ್ಯರು ನೀರಿಗಿಳಿಯಬಾರದೆಂದ ಮೇಲೆ ದಂಡೆಯಲ್ಲೇ ಉಳಿದವನು.

"ನಲವತ್ತು ವರ್ಷ ಮುಳ್ಗಿವ್ನಿ. ತಳಾನ ಕೈಯಾಗೆ ತಡವಿದ್ದೇ ಹೊರ್ತು ಕಣ್ಣಾಗೆ ಕಂಡಿಲ್ಲ ಕಣ್ಲಾ. ನೀನು ಮುಳುಗಿ ನೋಡ್ಕಂಬಂದು ನಂಗೇಳು" ಎಂದ. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ.

ಮರಳುವ ಮುನ್ನ ಎರಡು ದಿನ ರಜೆ ಸಿಕ್ಕಿತು. ಮೊದಲ ದಿನ ಬೆಟ್ಟ. ಮೂರು ಧರ್ಮದವರು ಕೈಮುಗಿಯುವ, ದೇವರು ಪ್ರವಾದಿಗೆ ಕಟ್ಟಳೆಗಳನ್ನು ಕೊಟ್ಟನೆನ್ನುವ ಬೆಟ್ಟ. ಬುಡದ ಹಳೆಯ ಮಠದ ಗೋಡೆಯ ಪಕ್ಕ ಅಭ್ಯಾಸದಂತೆ ಚಪ್ಪಲಿ ಬಿಟ್ಟೆ. ದಾರಿ ತೋರಲು ಬಂದಿದ್ದ ಮುದುಕ ಹಾಕಿಕೋ ಎಂದು ಸನ್ನೆ ಮಾಡಿದ; ಅವನ ಭಕ್ತಿಹೀನತೆಗೆ ಮರುಗಿ ಮುಗುಳ್ನಕ್ಕು ಮುಂದೆ ನಡೆದೆ. ನಮ್ಮೂರ ಬೆಟ್ಟಕ್ಕೆ ನುಣುಪಾದ ಮೆಟ್ಟಿಲುಗಳಿವೆ, ಅಲ್ಲಿದ್ದುದು ಕಾದ ಚೂಪುಗಲ್ಲು, ಎಂಬ ಅಲ್ಪ ವ್ಯತ್ಯಾಸ ಅರ್ಧ ಹತ್ತಿದ ಮೇಲೆ ಮನದಟ್ಟಾಯಿತು. ಪಾದರಕ್ಷೆ ಕಳಚು ಎಂದು ದೇವರು ಪ್ರವಾದಿಗೆ ಹೇಳಿದ್ದೇನೋ ನಿಜವಂತೆ. ಆದರೆ ಅದು ಬುಡದಲ್ಲಿ ನಿಂತಿದ್ದಾಗ; ಬರಿಗಾಲಲ್ಲೇ ಬೆಟ್ಟ ಹತ್ತು ಎಂದೇನೂ ಹೇಳಿರಲಿಲ್ಲ.

ಮರುದಿನ ಕಡಲತೀರದಲ್ಲಿ ಮುಳುಗುವುದನ್ನು ಕಲಿಸುವವನು ನನ್ನ ಬೊಬ್ಬೆಯೊಡೆದ ಅಂಗಾಲು ನೋಡಿ, ಈ ಕಾಲಿಗೆ ಈಜುವ ರಬ್ಬರಿನ ರೆಕ್ಕೆ ತೊಡಿಸಲಾರೆ, ಅದಿಲ್ಲದೆ ಮುಳುಗಿಸಲಾರೆನೆಂದು ಕಡ್ಡಿಮುರಿದಂತೆ ಹೇಳಿಬಿಟ್ಟ. ನನಗೆ ಅಳುವೇ ಬಂತು. ಅಪ್ಪನಿಗೆ ಯಾವ ಮುಖ ಹೊತ್ತು ಹೇಳಲಿ? ಗೋಗರೆದ ಮೇಲೆ, ಮುಖಕ್ಕೆ ಗಾಜನ್ನೂ ಬಾಯಿಗೆ ಕೊಳವೆಯನ್ನೂ ಕೊಟ್ಟು, ದೋಣಿಯ ಹಗ್ಗ ಹಿಡಿದು ನೀರ ಮೇಲೆ ಬೋರಲು ಮಲಗಿರಲು ಬಿಟ್ಟ. ಉಪ್ಪುನೀರು ತಗುಲಿ ಕಾಲು ಭಗಭಗ ಉರಿಯಿತು. ಆದರೂ ಕಣ್ಣು ಬಿಟ್ಟೆ. ಕೆಳಗೆ ಸಂತೆಯ ಹೂಕೋಸಿನ ರಾಶಿಯಂತೆ ಹವಳ, ಅದರ ಸಂದುಗಳಲ್ಲಿ ಹಳದಿ ನೀಲಿ ಮೀನು, ಅದಕ್ಕೂ ಕೆಳಗೆ ಬಿಸಿಲು ಬಿದ್ದ ಬಿಳಿಯ ಮರಳು. ಉರಿ ಮರೆತೇಹೋಯಿತು.

ಊರಿಗೆ ಬಂದವನು ಬಾವಿಯ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತು ತಪ್ಪೊಪ್ಪಿಕೊಂಡೆ. "ಮುಳುಗ್ನಿಲ್ಲಪ್ಪ. ಮೇಲೆ ತೇಲ್ಕಂಡೇ ನೋಡ್ದೆ."

"ತಳ ಕಾಣ್ತಾ?"

"ಕಾಣ್ತು."

"ಕಂಡ್ಮೇಲೆ ಮುಳುಗೋದ್ಯಾಕ್ಲಾ? ನಾನು ಕಾಣ್ದೇ ಇದ್ದಿದ್ಕೇ ಮುಳುಗ್ತಿದ್ದು" ಎಂದ ಅಪ್ಪ. "ಮೊದ್ಲಿಂದ ಹೇಳು."

ಅಷ್ಟು ಹೇಳಿ ತನ್ನ ಚಪ್ಪಲಿಗಳನ್ನು ಕಳಚಿ ದೂರ ಸರಿಸಿ, ಕಾಲು ಮಡಿಚಿ, ಕೇಳಲು ಕೂತ. ಅಲ್ಲಿ ಬೆಟ್ಟವೂ ಇರಲಿಲ್ಲ, ಗುಡಿಯೂ ಇರಲಿಲ್ಲ. ಇನ್ನೂ ಗಾಯ ಮಾಯದ ನನ್ನ ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ನಾನೂ ಕಳಚಿಟ್ಟು, ಹೇಳತೊಡಗಿದೆ.