ಕೈತುಂಬ ಮರಿ, ಆಕಾಶದ ತುಂಬ ಮಿಂಚು

ಎಪ್ಪತ್ತರ ದಶಕದ ಮಾತು. ಮಿಂಚಿನ ಫೋಟೋ ತೆಗೆಯುವ ಹುಚ್ಚು ನನಗೆ. ಆ ದಿನ ಮಧ್ಯಾಹ್ನದಿಂದ ಮೋಟಾರ್ ಸೈಕಲ್ ಮೇಲೆ ಒಂದೇ ಮೋಡದ ಬೆನ್ನು ಹತ್ತಿದ್ದೆ. ಬಸವಕಲ್ಯಾಣಕ್ಕೆ ಹೋದರೆ ಅದು ಹುಮನಾಬಾದಿನ ಕಡೆ ಸರಿದಿತ್ತು. ಸಂಜೆ ಹುಡಗಿ ಎಂಬ ಊರಿನಾಚೆಯ ಬಯಲಲ್ಲಿ ಅಂತೂ ಎದುರಾಯಿತು. ಗಡಿಬಿಡಿಯಿಂದ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಕೂರಿಸಿದೆ.

ಅಷ್ಟರಲ್ಲಿ ಕುರಿ ಕಾಯುವ ಹೆಂಗಸೊಬ್ಬಳು ಓಡಿಬಂದಳು. ಗುಡುಗಿಗೆ ಬೆದರಿ ಅವಳ ಕುರಿಗಳು ಚೆದುರಿದ್ದವು. ಕಂಕುಳಲ್ಲಿ ಅಂದೇ ಹುಟ್ಟಿದ ಎರಡು ಮರಿ.

"ಸಾಹೇಬ್ರ, ಇವನ್ನ ಜರಾ ಹಿಡೀರಿ."

"ಯಕ್ಕಾ, ನಾ ಫೋಟೋ ತೆಗಿಯಾಕತ್ತೇನಿ!"

"ಮಳಿಗಿ ತೋಯ್ದ್ರ ಇವು ಉಳಿಯಾಂಗಿಲ್ರಿ," ಎಂದವಳೇ ಮರಿಗಳನ್ನು ನನ್ನ ಎದೆಗೊತ್ತಿ ಓಡಿದಳು.

ಅಂಗಿಯೊಳಗೆ ಸೇರಿಸಿಕೊಂಡೆ. ಎರಡೂ ಗಡಗಡ ನಡುಗುತ್ತಿದ್ದವು. ಆಗಲೇ ಆಕಾಶದ ಈ ತುದಿಯಿಂದ ಆ ತುದಿಯವರೆಗೆ ಮಿಂಚು ಸೀಳಿತು. ಅಂಥದನ್ನು ಹಿಂದೆಂದೂ ಕಂಡಿರಲಿಲ್ಲ. ಕ್ಯಾಮೆರಾ ಮೊಳದ ದೂರದಲ್ಲಿತ್ತು, ಆದರೆ ಕೈಗೆ ಬಿಡುವಿರಲಿಲ್ಲ.

ಕುರಿಗಳನ್ನು ಕೂಡಿಸಿಕೊಂಡು ಬಂದವಳು ಮರಿಗಳನ್ನು ಮುಟ್ಟಿ ನೋಡಿ, "ಬೆಚ್ಚಗದಾವು," ಎಂದು ನಕ್ಕಳು. "ನಿಮ್ಮ ಫೋಟೋ ಆತೇನ್ರಿ?"

"ಹೋತು."

"ಇನ್ನೂ ಮಿಂಚಾಕತ್ತೈತಿ, ಹೊಡೀರಲ್ಲ!"

ಹೊಡೆದೆ. ಇಡೀ ಫಿಲ್ಮ್ ರೋಲು ತೊಳೆಸಿದರೆ ಬರೀ ಬೂದಿ ಬಣ್ಣ.

ಆ ಮಿಂಚು ಹೇಗಿತ್ತೆಂದು ಕೇಳಿದವರಿಗೆ ಈಗಲೂ ಗಾಳಿಯಲ್ಲಿ ಕೈಯಾಡಿಸಿ ಬರೆದು ತೋರಿಸುತ್ತೇನೆ. ವರ್ಷಕ್ಕೊಂದು ಕವಲು ಹೆಚ್ಚಾಗುತ್ತಿದೆ ಎಂಬುದು ನನ್ನ ಹೆಂಡತಿಯ ದೂರು.